ಗಣಿಯ ತಳದಲ್ಲಿ ಆಕಾಶ

ಕಳೆದ ಬೇಸಗೆಯ ರಜೆಯಲ್ಲಿ ನಾಲ್ಕು ದಿನ ಹುಲ್ಲಹಳ್ಳಿಯ ನೆಂಟರ ಮನೆಯಲ್ಲಿದ್ದೆ. ಒಂದು ಸಂಜೆ ಕಪಿಲೆಯ ದಂಡೆಯ ಮೇಲೆ ಕುಳಿತಿದ್ದಾಗ ಊರಿನ ಹಿರಿಯರೊಬ್ಬರು, "ಮೇಷ್ಟ್ರೆ, ನಮ್ಮ ನಂಜನಗೂಡಿನವರೊಬ್ಬರು ಆಕಾಶದ ವಿಷಯ ತಿಳಿಯಬೇಕೂಂತ ಕೋಲಾರದ ಚಿನ್ನದ ಗಣಿಗೆ ಇಳಿದಿದ್ದರಂತಲ್ಲ, ನಿಜವೆ?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಪಂಪನ ಕಾಲ, ಹರಿಹರನ ಕಾಲ ಎಂದರೆ ಗಂಟೆಗಟ್ಟಲೆ ಮಾತನಾಡಬಲ್ಲ ನಾನು, ನೆರೆಯೂರಿನಲ್ಲಿ ಹುಟ್ಟಿ ನನ್ನ ಕಾಲದಲ್ಲಿಯೇ ಬಾಳಿದ ವಿಜ್ಞಾನಿಯೊಬ್ಬರ ವಿಷಯದಲ್ಲಿ ಮೂಕನಾದೆ. ಊರಿಗೆ ಮರಳಿ, ಓದಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯರ ಮಾತು ನಿಜ. ಬದನವಾಳು ವೆಂಕಟಸುಬ್ಬ ಶ್ರೀಕಂಠನ್ ಅವರು 1925ನೆಯ ಇಸವಿ ಜೂನ್ 30ರಂದು ನಂಜನಗೂಡಿನಲ್ಲಿ ಜನಿಸಿದರು. ಅವರ ಹೆಸರಿನಲ್ಲಿ ಊರ ದೇವರೂ ಉಂಟು, ತಾಲ್ಲೂಕಿನ ಹಳ್ಳಿಯೂ ಉಂಟು. ಆಕಾಶದಿಂದ ಹಗಲಿರುಳೂ ಸುರಿಯುವ ಒಂದು ಬಗೆಯ ಕಿರಣಗಳನ್ನು 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ ಪತ್ತೆಮಾಡಿದ್ದನು. ಅವಕ್ಕೆ ಮಿಲಿಕನ್ 'ವಿಶ್ವಕಿರಣ'ಗಳೆಂಬ ಅರ್ಥದ ಹೆಸರನ್ನು ಕೊಟ್ಟದ್ದು, ಶ್ರೀಕಂಠನ್ ಹುಟ್ಟಿದ ವರ್ಷದಲ್ಲಿಯೇ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಓದಿದ ಶ್ರೀಕಂಠನ್, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿ ಹೋಮಿ ಭಾಭಾ ಅವರ ಶಿಷ್ಯರಾದರು.

ಆಕಾಶದ ಕಿರಣಕ್ಕೂ ಗಣಿಗೂ ಏನು ಸಂಬಂಧ? ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ನಾವು ಅಂಗೈ ಚಾಚಿದರೆ ಸೆಕೆಂಡಿಗೆ ಒಂದರಂತೆ ಅವು ಅದನ್ನು ಹಾದು ನೆಲಕ್ಕೆ ಇಳಿಯುತ್ತಿರುತ್ತವೆ. ನೆಲವೆಂಬುದು ಒಂದು ಜರಡಿಯಂತೆ. ಬಲವಿಲ್ಲದವು ಮೇಲೆಯೇ ನಿಲ್ಲುತ್ತವೆ, ಬಲವುಳ್ಳವು ಆಳಕ್ಕೆ ಹೋಗುತ್ತವೆ. ಎಷ್ಟು ಆಳದಲ್ಲಿ ಎಷ್ಟು ಸಿಕ್ಕುತ್ತವೆಂದು ಎಣಿಸಿದರೆ ಅವುಗಳ ಶಕ್ತಿ ತಿಳಿಯುತ್ತದೆ. ಮೂರು ಕಿಲೋಮೀಟರಿಗೂ ಮೀರಿ ತೋಡಿದ್ದ ಕೋಲಾರದ ಗಣಿಗಿಂತ ಇದಕ್ಕೆ ಒಳ್ಳೆಯ ಜಾಗ ಎಲ್ಲಿದ್ದೀತು? 1950ರ ದಶಕದ ಆರಂಭದಲ್ಲಿ ಶ್ರೀಕಂಠನ್ ಎಣಿಕೆಯ ಯಂತ್ರಗಳೊಡನೆ ಚಾಂಪಿಯನ್ ರೀಫ್ ಗಣಿಗೆ ಇಳಿದರು. ಆ ಕೆಲಸವೇ ಅವರ ಡಾಕ್ಟರೇಟ್ ಪ್ರಬಂಧವಾಯಿತು.

ಇಲ್ಲಿಂದ ಮುಂದಿನ ಕಥೆಯೇ ನನ್ನ ಮನಸ್ಸನ್ನು ಹಿಡಿದದ್ದು. 1960ರ ಸುಮಾರಿನಲ್ಲಿ ಇದೇ ಸಂಸ್ಥೆಯ ನರಸಿಂಹಂ, ರಮಣಮೂರ್ತಿಯವರೂ ಜಪಾನಿನ ಮಿಯಾಕೆಯವರೂ ಇನ್ನೂ ಆಳಕ್ಕೆ ಹೋದರು. ಸುಮಾರು 2,760 ಮೀಟರ್ ಕೆಳಗೆ ಎರಡು ತಿಂಗಳು ಕಾದರೂ ಯಂತ್ರ ಒಂದು ಮ್ಯೂಆನನ್ನೂ ದಾಖಲಿಸಲಿಲ್ಲ. ಅಷ್ಟು ಸೆಕೆಯಲ್ಲಿ, ಅಷ್ಟು ಕತ್ತಲೆಯಲ್ಲಿ ದುಡಿದು ಸಿಕ್ಕಿದ್ದು ಸೊನ್ನೆ! ನನ್ನಂಥವನು ಗಂಟುಮೂಟೆ ಕಟ್ಟಿ ಮೇಲಕ್ಕೆ ಬರುತ್ತಿದ್ದೆ. ಅವರಿಗೆ ತೋರಿದ್ದೇ ಬೇರೆ: ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊಗಳ ಸುಳಿವು ಸಿಕ್ಕಬಹುದು. ವಿಶ್ವಕಿರಣಗಳಿಂದಲೇ ಗಾಳಿಯಲ್ಲಿ ಹುಟ್ಟುವ ಈ ಕಣಗಳು ಭೂಮಿಯನ್ನೇ ತೂರಿಕೊಂಡು ಹೋಗುತ್ತವೆ. ಅಪರೂಪಕ್ಕೊಮ್ಮೆ ಬಂಡೆಯನ್ನು ತಾಗಿ ಒಂದು ಮ್ಯೂಆನನ್ನು ಹುಟ್ಟಿಸುತ್ತವೆ. ಮೇಲಿನಿಂದ ಬರುವ ಗದ್ದಲ ನಿಂತ ಕಡೆಯಲ್ಲಿ ಮಾತ್ರ ಆ ಒಂದನ್ನು ಗುರುತಿಸಬಹುದು.

ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾನಿಲಯ, ಡರ್‌ಹಮ್ ವಿಶ್ವವಿದ್ಯಾನಿಲಯ ಮೂರೂ ಕೂಡಿ ಯಂತ್ರಗಳನ್ನು ಹೂಡಿದವು. 1965ರಲ್ಲಿ ಅಡ್ಡಡ್ಡಲಾಗಿ ಬಂದ ಮ್ಯೂಆನ್ ಸಿಕ್ಕಿತು. ವಾಯುಮಂಡಲದ ನ್ಯೂಟ್ರಿನೊ ಕುರುಹು ಕೊಟ್ಟಿತ್ತು! ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಅವರ ತಂಡಕ್ಕೂ ಅದೇ ವರ್ಷ ಅದು ದೊರೆಯಿತು. ಆದರೆ ಕೋಲಾರದ ವರದಿ ಕೆಲವು ದಿನ ಮೊದಲೇ ಅಚ್ಚಾಯಿತು. ಬರೆದವರ ಸಾಲಿನಲ್ಲಿ ಶ್ರೀಕಂಠನ್, ಮೆನನ್, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರಿದ್ದರು. ಇದೇ ವಾಯುಮಂಡಲದ ನ್ಯೂಟ್ರಿನೊಗಳನ್ನು ಜಪಾನಿನಲ್ಲಿ ಪರೀಕ್ಷಿಸಿ, ಅವು ಹಾದಿಯಲ್ಲಿ ರೂಪ ಬದಲಿಸುತ್ತವೆಂದು 1998ರಲ್ಲಿ ತೋರಿಸಿದ್ದಕ್ಕೆ ಕಾಜಿತಾ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂದಿತು.

ನಂಜನಗೂಡಿನಿಂದ ಗುಂಡ್ಲುಪೇಟೆಯ ಮೇಲೆ ಹೋಗುವ ರಸ್ತೆಯ ತುದಿಯಲ್ಲಿರುವ ಊಟಿಯಲ್ಲಿಯೂ ಶ್ರೀಕಂಠನ್ ಬಹುಕಾಲ ವಿಶ್ವಕಿರಣಗಳ ಮಳೆಯನ್ನು ಅಳೆದರು. 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು. 1988ರಲ್ಲಿ ಪದ್ಮಭೂಷಣ ಸಂದಿತು. ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ವಿಜ್ಞಾನದ ತತ್ತ್ವವಿಚಾರದಲ್ಲಿ ಕಳೆದು, 2019ರ ಅಕ್ಟೋಬರ್ 27ರಂದು ತೀರಿಕೊಂಡರು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿಂದ ತೆಗೆದ ಚಿನ್ನದ ಲೆಕ್ಕ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅಲ್ಲಿ ಕಾದು ಕುಳಿತು ಪಡೆದ ತಿಳಿವಿನ ಲೆಕ್ಕವನ್ನು ಕನ್ನಡದಲ್ಲಿ ಹೇಳಬೇಕಾದವರು ನನ್ನಂಥ ಮೇಷ್ಟ್ರುಗಳಲ್ಲವೆ? ಮುಂದಿನ ರಜೆಯಲ್ಲಿ ಹುಲ್ಲಹಳ್ಳಿಗೆ ಹೋದಾಗ ಆ ಹಿರಿಯರನ್ನು ಕಂಡು, "ನಿಜ, ಯಜಮಾನರೆ, ಇಳಿದಿದ್ದರು" ಎಂದು ಮೊದಲು ಹೇಳಬೇಕು. ಆ ಎರಡು ತಿಂಗಳ ಸೊನ್ನೆಯ ಕಥೆಯನ್ನೂ ಕೂತು ಹೇಳಬೇಕು.