ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ವಿದ್ಯಾರ್ಥಿ ಸೇವಾ ಸಂಘಟನೆಗಳು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ವಿದ್ಯಾರ್ಥಿ ಸೇವಾ ಸಂಘಟನೆಗಳು ಬೆಳಗಾವಿ ಜಿಲ್ಲೆಯ ಈ ಮೂರು ತಾಲೂಕುಗಳ ಶಾಲೆ ಹಾಗೂ ಕಾಲೇಜುಗಳಲ್ಲಿ ಶ್ರಮದಾನ, ನಿಧಿ ಸಂಗ್ರಹ ಮತ್ತು ಜನಜಾಗೃತಿ ಕಾರ್ಯಗಳನ್ನು ಕೈಗೊಳ್ಳುವ ಘಟಕಗಳು. ಇವುಗಳ ಚಟುವಟಿಕೆಯಲ್ಲಿ ಮಕ್ಕಳ ಆರೋಗ್ಯ, ಶಿಕ್ಷಣ ಮತ್ತು ರಕ್ಷಣೆಯ ವಿಷಯಗಳಿಗೆ ದೊಡ್ಡ ಪಾಲಿದೆ.

ಪ್ರದೇಶ

ಮೂರೂ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಮೂಡಲಗಿಯು ಮೊದಲು ಗೋಕಾಕ ತಾಲೂಕಿನ ಭಾಗವಾಗಿದ್ದು, 2018ರಲ್ಲಿ ಪ್ರತ್ಯೇಕ ತಾಲೂಕಾಗಿ ಕಾರ್ಯಾರಂಭ ಮಾಡಿತು. ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ನೀರನ್ನು ಪಡೆದ ಈ ಭಾಗದಲ್ಲಿ ಕಬ್ಬು ಪ್ರಧಾನ ಬೆಳೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊರಗಿನಿಂದ ಬರುವ ಗ್ಯಾಂಗುಗಳ ಜೊತೆ ಮಕ್ಕಳೂ ಬರುವುದರಿಂದ ಅವರ ಶಾಲೆ ನಡುವೆಯೇ ತಪ್ಪುತ್ತದೆ.

ಸಂಘಟನೆಗಳು

ಶಾಲಾ ಮಟ್ಟದ ಸಂಘಟನೆಗಳಲ್ಲಿ ಭಾರತ ಸೇವಾದಳಕ್ಕೆ ಈ ನೆಲದೊಡನೆ ವಿಶೇಷ ನಂಟಿದೆ. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿದ ಡಾ. ನಾ. ಸು. ಹರ್ಡೀಕರ ಅವರು ಗೋಕಾಕ ತಾಲೂಕಿನ ಘಟಪ್ರಭಾದಲ್ಲಿರುವ ಕರ್ನಾಟಕ ಆರೋಗ್ಯಧಾಮದೊಂದಿಗೂ ನಿಕಟವಾಗಿದ್ದರು. ಸ್ವಯಂಸೇವಕರ ಶಿಸ್ತು ಮತ್ತು ರೋಗಿಗಳ ಆರೈಕೆ ಒಂದೇ ಕೆಲಸದ ಎರಡು ಮುಖಗಳೆಂಬ ನಿಲುವು ಅವರದಾಗಿತ್ತು ಎಂಬುದಕ್ಕೆ ಈ ಎರಡು ಸಂಸ್ಥೆಗಳೇ ಸಾಕ್ಷಿ.

ಕಾಲೇಜುಗಳಲ್ಲಿ ಪ್ರಮುಖವಾದುದು ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಇದು ಆರಂಭವಾಯಿತು. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನೂ ಹಳ್ಳಿಯೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರವನ್ನೂ ಪೂರೈಸಬೇಕು. ಸ್ಕೌಟ್ಸ್ ಮತ್ತು ಗೈಡ್ಸ್, ಕಿರಿಯರ ರೆಡ್ ಕ್ರಾಸ್, ಲಯನ್ಸ್ ಪ್ರಾಯೋಜಿತ ಲಿಯೋ ಹಾಗೂ ರೋಟರಿ ಪ್ರಾಯೋಜಿತ ಇಂಟರ್‌ಯಾಕ್ಟ್ ಕ್ಲಬ್ಬುಗಳು ಇದೇ ಬಗೆಯ ಇತರ ಸಂಘಟನೆಗಳು. ಇಂಟರ್‌ಯಾಕ್ಟ್ 1962ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ್ದು, 12ರಿಂದ 18 ವರ್ಷದವರಿಗೆ ಮೀಸಲು.

ನಿಧಿ ಸಂಗ್ರಹ

ವಿದ್ಯಾರ್ಥಿಗಳು ಹಣ ಕೂಡಿಸುವ ಕ್ರಮಗಳು ಒಂದೇ ತೆರನಾಗಿಲ್ಲ. ಸ್ಕೌಟ್ಸ್‌ನ ‘ಖರೀ ಕಮಾಯಿ’ ಪದ್ಧತಿಯಲ್ಲಿ ಕೈಚಾಚುವಂತಿಲ್ಲ. ಬಾಲಕ ಬಾಲಕಿಯರು ನೆರೆಹೊರೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು, ಬಂದ ಹಣವನ್ನು ಸೇವಾಕಾರ್ಯಕ್ಕೆ ಸಲ್ಲಿಸುತ್ತಾರೆ. ಧ್ವಜ ದಿನಾಚರಣೆಯಲ್ಲಿ ದೇಣಿಗೆ ಪಡೆದು ಪುಟ್ಟ ಧ್ವಜದ ಚೀಟಿ ನೀಡಲಾಗುತ್ತದೆ. ನವೆಂಬರ್ 25ರ ಕೋಮು ಸೌಹಾರ್ದ ಧ್ವಜ ದಿನದ ಸಂಗ್ರಹವು ಕೋಮು ಗಲಭೆ, ಜಾತಿ ಹಿಂಸೆ ಅಥವಾ ಭಯೋತ್ಪಾದನೆಯಲ್ಲಿ ಪೋಷಕರನ್ನು ಕಳೆದುಕೊಂಡ ಮಕ್ಕಳ ಶಿಕ್ಷಣಕ್ಕೆ ನೆರವಾಗುವ ರಾಷ್ಟ್ರೀಯ ಪ್ರತಿಷ್ಠಾನವನ್ನು ಸೇರುತ್ತದೆ.

ರೋಟರಿ ಸಂಸ್ಥೆಯು 1985ರಲ್ಲಿ ಆರಂಭಿಸಿದ ಪೋಲಿಯೋ ಪ್ಲಸ್ ಅಭಿಯಾನ ನಿಧಿ ಮತ್ತು ಜಾಗೃತಿ ಎರಡನ್ನೂ ಬೆಸೆದ ದೊಡ್ಡ ಉದಾಹರಣೆ. ಭಾರತದಲ್ಲಿ 1995ರಿಂದ ನಡೆದ ಪಲ್ಸ್ ಪೋಲಿಯೋ ಕಾರ್ಯಕ್ರಮದ ಮುನ್ನಾದಿನದ ಜಾಥಾಗಳಲ್ಲಿ ಶಾಲಾ ಮಕ್ಕಳು ಸಾಲುಗಟ್ಟುತ್ತಿದ್ದುದು ಊರೂರಿನ ಪರಿಚಿತ ನೋಟ. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತ ಪ್ರಮಾಣಪತ್ರ ಪಡೆಯಿತು.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ನಗರದ ತಗ್ಗು ಬಡಾವಣೆಗಳು ಮುಳುಗಿದವು. 2021ರ ಜುಲೈನಲ್ಲಿ ಮತ್ತೆ ನೆರೆ ಬಂದಿತು. ಇಂಥ ಸಂದರ್ಭದಲ್ಲಿ ನಗದಿಗಿಂತ ನೋಟುಪುಸ್ತಕ, ಶಾಲಾ ಚೀಲ, ಹಾಸಿಗೆ ಹೊದಿಕೆಗಳ ಸಂಗ್ರಹ ಹೆಚ್ಚು ಉಪಯುಕ್ತ. ಆದರೆ ಹಳೆಯ ಬಟ್ಟೆಯ ರಾಶಿ ಪರಿಹಾರ ಕೇಂದ್ರಗಳಿಗೆ ಹೊರೆಯಾಗುವುದೂ ಉಂಟು.

ದೇವದಾಸಿ ಪದ್ಧತಿ ಮತ್ತು ಬಾಲ್ಯವಿವಾಹ

ಈ ಭಾಗದಲ್ಲಿ ಹಣ ಸಂಗ್ರಹಕ್ಕಿಂತ ಕಠಿಣವಾದುದು ಜಾಗೃತಿಯ ಕೆಲಸ. ಬಾಲಕಿಯರನ್ನು ದೇವಿಗೆ ಬಿಡುವ ಪದ್ಧತಿ ಬೆಳಗಾವಿ ಜಿಲ್ಲೆಯಲ್ಲಿ ಆಳವಾಗಿ ಬೇರೂರಿತ್ತು. ರಾಜ್ಯವು 1982ರ ಕಾಯ್ದೆಯಿಂದ ಇದನ್ನು ನಿಷೇಧಿಸಿತು. ಆದರೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಘಟಪ್ರಭಾವನ್ನು ಕೇಂದ್ರವಾಗಿಸಿಕೊಂಡ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯನ್ನು 1997ರಲ್ಲಿ ಮಾಜಿ ದೇವದಾಸಿಯರೇ ಕಟ್ಟಿಕೊಂಡರು. ಬಾಲ್ಯದಲ್ಲಿಯೇ ದೇವಿಗೆ ಬಿಡಲ್ಪಟ್ಟು, ಮುಂದೆ ಈ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಬಾಲ್ಯವಿವಾಹಕ್ಕೆ ಸಂಬಂಧಿಸಿ, ಕೇಂದ್ರದ 2006ರ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯು ಅಂಥ ವಿವಾಹವನ್ನು ಆರಂಭದಿಂದಲೇ ಅಸಿಂಧು ಎಂದು ಸಾರುತ್ತದೆ. ಶಿಬಿರಗಳ ಬೀದಿನಾಟಕ ಮತ್ತು ಮನೆ ಮನೆ ಭೇಟಿಗಳಲ್ಲಿ ಈ ಮಾಹಿತಿ ತಲುಪುವುದಕ್ಕೆ ಮಹತ್ವವಿದೆ. ತರಗತಿಗೆ ಬಾರದ ಗೆಳತಿಯ ಸುದ್ದಿ ಅಧಿಕಾರಿಗಳಿಗಿಂತ ಮೊದಲು ತಿಳಿಯುವುದು ಸಹಪಾಠಿಗಳಿಗೇ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ಶೌಚಾಲಯ, ಕುಡಿಯುವ ನೀರು, ಬಸ್ಸಿನ ಸಮಯಗಳ ಜೊತೆಗೆ ಇಂಥ ವಿಷಯಗಳನ್ನೂ ಮಕ್ಕಳು ಎತ್ತಬಹುದು.

ಗುರುತಿನ ಗೋಪ್ಯತೆ

ನೆರವು ಪಡೆದ ಮಗುವನ್ನು ವೇದಿಕೆಗೆ ಕರೆದು ಛಾಯಾಚಿತ್ರ ತೆಗೆಸುವ ರೂಢಿ ಸೇವಾ ಸಂಘಟನೆಗಳಲ್ಲಿ ವ್ಯಾಪಕವಾಗಿದೆ. ದಾನಿಗೆ ಅದು ನೆನಪಿನ ಚಿತ್ರ, ಮಗುವಿಗೆ ಹಾಗಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನ ಪ್ರಕಾರ ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಚಿತ್ರವನ್ನು ಮಾಧ್ಯಮಗಳಲ್ಲಿ ಪ್ರಕಟಿಸುವಂತಿಲ್ಲ. ಸಂಕಷ್ಟದಲ್ಲಿರುವ ಮಗುವಿನ ಬಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.