ಎನ್‌ಜಿಸಿ 253
ಎನ್‌ಜಿಸಿ 253 ದಕ್ಷಿಣಾಕಾಶದ ಸ್ಕಲ್ಪ್ಟರ್ (ಶಿಲ್ಪಿ) ನಕ್ಷತ್ರಪುಂಜದಲ್ಲಿರುವ, ಧೂಳು ತುಂಬಿದ ಒಂದು ಸುರುಳಿ ಗೆಲಾಕ್ಸಿ. ಭೂಮಿಯಿಂದ ಇದರ ದೂರ ಸುಮಾರು 1.1 ಕೋಟಿ ಜ್ಯೋತಿರ್ವರ್ಷ. 1783ರಲ್ಲಿ ಕ್ಯಾರೊಲಿನ್ ಹರ್ಷೆಲ್ ಅವರು ಧೂಮಕೇತುಗಳನ್ನು ಅರಸುತ್ತಿದ್ದಾಗ ಇದನ್ನು ಕಂಡುಹಿಡಿದರು. ಓರೆಯಾಗಿ ಹಿಡಿದ ನಾಣ್ಯದಂತೆ ತೋರುವುದರಿಂದ ‘ಬೆಳ್ಳಿ ನಾಣ್ಯ’ ಎಂಬ ಹೆಸರೂ ಇದಕ್ಕುಂಟು. ನವೆಂಬರ್ ತಿಂಗಳ ರಾತ್ರಿಗಳಲ್ಲಿ, ಊರ ದೀಪಗಳ ಬೆಳಕಿಲ್ಲದ ಕಡೆ, ಕರ್ನಾಟಕದಿಂದಲೂ ಇದನ್ನು ದುರ್ಬೀನಿನಲ್ಲಿ ಗುರುತಿಸಬಹುದು.

ರಚನೆ

ಈ ಗೆಲಾಕ್ಸಿಯ ತಟ್ಟೆ ನಮಗೆ ಬಹುಮಟ್ಟಿಗೆ ಅಂಚಿನ ಕಡೆಯಿಂದ ಕಾಣುತ್ತದೆ. ಆದಕಾರಣ ಅದರ ಧೂಳಿನ ಪಟ್ಟಿಗಳು ಒಂದರ ಹಿಂದೊಂದು ಸೇರಿ ಒಳಭಾಗವನ್ನು ಮರೆಮಾಡುತ್ತವೆ. ಅವಕೆಂಪು ಕಿರಣಗಳು ಧೂಳನ್ನು ಹಾದುಬರಬಲ್ಲವು. ಆ ಕಿರಣಗಳಲ್ಲಿ ತೆಗೆದ ಚಿತ್ರಗಳಲ್ಲಿ, ಕೇಂದ್ರವನ್ನು ಅಡ್ಡಹಾಯ್ದ ನಕ್ಷತ್ರಗಳ ದಂಡವೊಂದು ಸ್ಪಷ್ಟವಾಗಿ ಗೋಚರಿಸುತ್ತದೆ. ಈ ದಂಡವು ಹೊರಭಾಗದ ಅನಿಲವನ್ನು ಕೇಂದ್ರದತ್ತ ಸಾಗಿಸುತ್ತದೆ.

ನಕ್ಷತ್ರಗಳ ಜನನ

ಹೀಗೆ ಒಟ್ಟುಗೂಡಿದ ಅನಿಲದಿಂದ ಕೇಂದ್ರದಲ್ಲಿ ನಕ್ಷತ್ರಗಳು ಅತಿವೇಗವಾಗಿ ಹುಟ್ಟುತ್ತಿವೆ. ಇಂಥವನ್ನು ‘ಸ್ಟಾರ್‌ಬರ್ಸ್ಟ್’ ಗೆಲಾಕ್ಸಿಗಳೆನ್ನುತ್ತಾರೆ. ನಕ್ಷತ್ರಗಳು ಸಿಡಿಯುವುದೆಂದು ಇದರ ಅರ್ಥವಲ್ಲ. ನಮ್ಮ ಇಡೀ ಆಕಾಶಗಂಗೆಯಲ್ಲಿ ಆಗುವಷ್ಟು ನಕ್ಷತ್ರಜನನ ಇಲ್ಲಿ ಪುಟ್ಟ ಕೇಂದ್ರಭಾಗವೊಂದರಲ್ಲೇ ನಡೆಯುತ್ತಿರುವುದು ನಿಜಕ್ಕೂ ಸೋಜಿಗದ ಸಂಗತಿ.

ಆದರೆ ಈ ವೇಗಕ್ಕೆ ತಡೆಯೂ ಅದರೊಳಗೇ ಇದೆ. ಹೊಸ ನಕ್ಷತ್ರಗಳ ವಿಕಿರಣ ಮತ್ತು ಮಾರುತಗಳು, ಅಲ್ಪಾಯುಷಿಗಳಾದ ಭಾರಿ ನಕ್ಷತ್ರಗಳ ಸೂಪರ್‌ನೋವಾ ಸ್ಫೋಟಗಳು ಸುತ್ತಲಿನ ಅನಿಲವನ್ನು ತಟ್ಟೆಯಿಂದ ಹೊರದೂಡುತ್ತವೆ. ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕಗಳ ಸಮೂಹದಿಂದ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಶೀತಲ ಅಣು ಅನಿಲವೂ ಹೀಗೆ ಹೊರಹರಿಯುತ್ತಿರುವುದನ್ನು ತೋರಿಸಿತು. ಹೊರಹೋಗುವ ಅನಿಲದ ಪ್ರಮಾಣ ನಕ್ಷತ್ರಗಳಾಗಿ ಮಾರ್ಪಡುವ ಅನಿಲಕ್ಕಿಂತ ಕಡಿಮೆಯೇನಲ್ಲ. ಇದೇ ಗತಿ ಮುಂದುವರಿದರೆ ಕೇಂದ್ರದಲ್ಲಿ ನಕ್ಷತ್ರ ನಿರ್ಮಾಣಕ್ಕೆ ಬೇಕಾದ ಅನಿಲವು ಕೆಲವು ಕೋಟಿ ವರ್ಷಗಳಲ್ಲೇ ಬರಿದಾಗಬಹುದೆಂದು ಅಂದಾಜಿಸಲಾಗಿದೆ.