ಭೌತನಿಯಮದ ಎಲ್ಲೆಯೋ, ಮಾಪನದ ಎಲ್ಲೆಯೋ: ದಂಡಿಗಾನಹಳ್ಳಿ ಕೆರೆಯ ಒಂದು ಪ್ರಯೋಗ

ಪಶ್ಚಿಮ ಆಸ್ಟ್ರೇಲಿಯದ ‘ಎಡ್ಜಸ್’ ಪ್ರಯೋಗದ ತಂಡ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿತು. ಆಕಾಶದಿಂದ ಬರುವ ರೇಡಿಯೊ ವಿಕಿರಣ 78 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅರ್ಧ ಕೆಲ್ವಿನ್‌ನಷ್ಟು ತಗ್ಗಿದೆ ಎಂಬುದು ಅದರ ಸಾರ. ಹೈಡ್ರೋಜನ್ ಪರಮಾಣುವಿನ 1420 ಮೆಗಾಹರ್ಟ್ಸ್ ರೇಖೆಯೇ ವಿಶ್ವ ಹಿಗ್ಗಿದ್ದರಿಂದ ಸುಮಾರು ಹದಿನೆಂಟು ಪಟ್ಟು ಇಳಿದು ಇಲ್ಲಿಗೆ ಬಂದಿದ್ದರೆ, ಅದು ಮಹಾಸ್ಫೋಟದ ನಂತರ ಸುಮಾರು 18 ಕೋಟಿ ವರ್ಷಕ್ಕೆ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು. ತಗ್ಗು ನಿರೀಕ್ಷಿತವೇ, ತೊಡಕು ಅದರ ಆಳದ್ದು. ತಿಳಿದಿರುವ ನಿಯಮಗಳ ಪ್ರಕಾರ ಅದು ಹೆಚ್ಚೆಂದರೆ 0.2 ಕೆಲ್ವಿನ್ ಇರಬೇಕಿತ್ತು. ಆಗಿನ ಹೈಡ್ರೋಜನ್ ಅನಿಲ ಲೆಕ್ಕಕ್ಕಿಂತ ತಣ್ಣಗಿದ್ದರೆ ತಗ್ಗು ಇಷ್ಟು ಆಳವಾಗಬಹುದು; ಹಾಗಾದರೆ ಅದರ ಶಾಖ ಹೀರಿದ್ದು ಯಾವುದು? ಕಪ್ಪುದ್ರವ್ಯ ಇರಬಹುದೆಂದರು ಖಭೌತವಿಜ್ಞಾನಿ ರೆನನ್ ಬರ್ಕಾನಾ. ಇದುವರೆಗೆ ಗುರುತ್ವದ ಮೂಲಕವಷ್ಟೇ ಸುಳಿವು ಕೊಟ್ಟಿರುವ ವಸ್ತು ಅದು.

ಈ ಅರ್ಧ ಕೆಲ್ವಿನ್ ಹುದುಗಿರುವುದು ನಮ್ಮದೇ ಆಕಾಶಗಂಗೆಯ ಸಾವಿರಾರು ಕೆಲ್ವಿನ್ ಗದ್ದಲದೊಳಗೆ. ಆ ಗದ್ದಲ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯಕ್ಕೆ ಹೊಸದಲ್ಲ. ಅಲ್ಲಿನ ಸಾವಿರ ದ್ವಿಧ್ರುವಗಳ, ‘ಟಿ’ ಆಕಾರದ ದೂರದರ್ಶಕದಿಂದ ದ್ವಾರಕಾನಾಥ್ ಮತ್ತು ಉದಯಶಂಕರ್ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತಯಾರಿಸಿ 1990ರಲ್ಲಿ ಪ್ರಕಟಿಸಿದ್ದರು. ಆವರ್ತನ ಇಳಿದಂತೆ ಗದ್ದಲ ಏರುತ್ತದೆ, ಆದರೆ ಏರುಪೇರಿಲ್ಲದೆ ನುಣುಪಾಗಿ ಏರುತ್ತದೆ. ಹಾಗಾಗಿ ಅದನ್ನು ಕಳೆದು ನೋಡಬಹುದು. ಏರುಪೇರು ಹುಟ್ಟುವುದು ಉಪಕರಣದಲ್ಲಿ.

ಅದರಲ್ಲೂ ಆಂಟೆನಾದ ಕೆಳಗಿನ ನೆಲದಲ್ಲಿ. ನೆಲದ ಪದರಗಳಿಗೆ ಬಡಿದ ಅಲೆ ಪ್ರತಿಫಲಿಸಿ ಆಂಟೆನಾಗೆ ಮರಳುತ್ತದೆ. ಕೆಮ್ಮಣ್ಣಿನಡಿ ಎಷ್ಟು ಆಳಕ್ಕೆ ಬಂಡೆ, ಎಲ್ಲಿ ತೇವ ಎಂಬುದನ್ನು ಮೇಲಿನಿಂದ ನೋಡಿ ಹೇಳಲಾಗದು (ಗೌರಿಬಿದನೂರಿನ ಸೀಮೆಯಲ್ಲಿ ಕೊಳವೆಬಾವಿ ಕೊರೆಸಿದ ಯಾರನ್ನಾದರೂ ಕೇಳಬಹುದು). ಎಡ್ಜಸ್ ತಂಡ ನೆಲಕ್ಕೆ ಲೋಹದ ಹಾಸು ಹಾಕಿತ್ತು. ಆ ಹಾಸಿನಲ್ಲೇ ಅನುರಣನ ಹುಟ್ಟಿರಬಹುದೆಂದು ವಿಮರ್ಶಕರು ಶಂಕಿಸಿದರು. ರಾಮನ್ ಸಂಶೋಧನಾ ಸಂಸ್ಥೆಯ ‘ಸರಸ್-3’ ತಂಡ ನೆಲವನ್ನೇ ಬಿಟ್ಟಿತು. ನೀರು ಎಲ್ಲ ಕಡೆಯೂ ಒಂದೇ ಸಮ, ಅದರ ವಿದ್ಯುತ್ ಗುಣಗಳನ್ನು ಅಳೆದು ಲೆಕ್ಕಕ್ಕೆ ಸೇರಿಸಬಹುದು. 2020ರ ಆರಂಭದಲ್ಲಿ ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲಿರಿಸಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು.

2022ರಲ್ಲಿ ಈ ತಂಡದ ಸೌರಭ್ ಸಿಂಗ್ ಮತ್ತು ಸಂಗಡಿಗರ ಫಲಿತಾಂಶ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬಂತು. ಎಡ್ಜಸ್ ಕಂಡ ಆಕಾರದ ತಗ್ಗನ್ನು ಅದು ಶೇ 95.3 ವಿಶ್ವಾಸಮಟ್ಟದಲ್ಲಿ ತಳ್ಳಿಹಾಕುತ್ತದೆ. ಕಪ್ಪುದ್ರವ್ಯದ ವಾದಕ್ಕಿದ್ದ ಮುಖ್ಯ ಆಧಾರ ಇದರಿಂದ ಸಡಿಲವಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಶೇ 95.3 ಎಂದರೆ ಹೆಚ್ಚುಕಡಿಮೆ ಎರಡು ಸಿಗ್ಮಾ. ಕಣಭೌತವಿಜ್ಞಾನಿಗಳು ಆವಿಷ್ಕಾರ ಘೋಷಿಸಲು ಐದು ಕೇಳುತ್ತಾರೆ. ಮೇಲಾಗಿ ತಳ್ಳಿಹಾಕಿರುವುದು ಒಂದು ನಿರ್ದಿಷ್ಟ ಆಕಾರವನ್ನು ಮಾತ್ರ. ಹಳೆಯ ನಿಯಮಗಳು ಹೇಳುವ 0.2 ಕೆಲ್ವಿನ್‌ನೊಳಗಿನ ತಗ್ಗು ಈ ಅಳತೆಯಲ್ಲಿ ಸಿಕ್ಕಿಲ್ಲ. 88 ಮೆಗಾಹರ್ಟ್ಸ್‌ನಿಂದಾಚೆ ಎಫ್‌ಎಂ ಪ್ರಸಾರದ ಕಾಟ ಬೇರೆ. ರಾಮನ್ ಸಂಸ್ಥೆಯೇ ರೂಪಿಸುತ್ತಿರುವ ‘ಪ್ರತುಷ್’ ಉಪಕರಣ ಚಂದ್ರನನ್ನು ಸುತ್ತುತ್ತ, ಭೂಮಿಯ ಪ್ರಸಾರ ತಲುಪದ ಆಚೆ ಬದಿಯಲ್ಲಿ ಈ ಅಳತೆ ನಡೆಸಬೇಕೆಂಬುದು ಪ್ರಸ್ತಾವ.